ತಾರಸಿಯ ಮೇಲೆ ಹರಡಿದ ಹನ್ನೆರಡು ತಿಂಗಳು

2024ರ ಡಿಸೆಂಬರ್ 15, ಭಾನುವಾರ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ಎರಡು ಸುತ್ತು ಓಡಿ ಮುಗಿಸಿ, ನಮ್ಮ ಟ್ರಯಥ್ಲಾನ್ ಕ್ಲಬ್ಬಿನ ಹದಿನಾರು ಮಂದಿ ಸದಸ್ಯರೊಬ್ಬರ ಮನೆಯ ತಾರಸಿಯ ಮೇಲೆ ಸೇರಿದ್ದೆವು. ಮುಂದಿನ ವರ್ಷದ ತರಬೇತಿಗೂ ಸ್ಪರ್ಧೆಗಳಿಗೂ ಗುರಿ ಗೊತ್ತುಮಾಡುವುದು ಅಂದಿನ ಕೆಲಸ. ಉಪ್ಪಿಟ್ಟು, ಕಾಫಿ ಮುಗಿದ ಮೇಲೆ ಕಾರ್ಯದರ್ಶಿಯಾದ ನಾನು ಹಿಂದಿನ ವರ್ಷದ ಗುರಿಯನ್ನು ಓದಿ ಹೇಳಬೇಕಿತ್ತು. ಅದು ಒಂದೇ ಸಾಲಿನದು: ‘ಗೋವಾದಲ್ಲಿ ನಮ್ಮ ಹನ್ನೆರಡು ಜನ ಮುಗಿಸಬೇಕು.’ ಆ ಸಾಲನ್ನು ಬರೆದವನು ನಾನೇ.

ಗೋವಾ ಎಂದರೆ ನಮ್ಮವರ ಮಾತಿನಲ್ಲಿ ಐರನ್‌ಮ್ಯಾನ್ 70.3. 2019ರಲ್ಲಿ ಮೀರಾಮಾರ್ ಕಡಲತೀರದಲ್ಲಿ ಮೊದಲ ಬಾರಿಗೆ ನಡೆದ ಈ ಸ್ಪರ್ಧೆಯಲ್ಲಿ ಸಮುದ್ರದಲ್ಲಿ 1.9 ಕಿ.ಮೀ. ಈಜಿ, 90 ಕಿ.ಮೀ. ಸೈಕಲ್ ತುಳಿದು, ಕೊನೆಗೆ 21.1 ಕಿ.ಮೀ. ಓಡಬೇಕು. ಒಟ್ಟು ದೂರ ಮೈಲಿಗಳಲ್ಲಿ 70.3 ಆಗುವುದರಿಂದ ಆ ಹೆಸರು. ಎಂಟೂವರೆ ಗಂಟೆಯೊಳಗೆ ಎಲ್ಲವೂ ಮುಗಿಯಬೇಕು. ಈಜಿಗೆ ಸಿಗುವುದು 1 ಗಂಟೆ 10 ನಿಮಿಷ. ನಮ್ಮಿಂದ ಹನ್ನೆರಡು ಜನ ಹೆಸರು ಕೊಟ್ಟಿದ್ದರು. ಮೊಣಕಾಲಿನ ಕೆಳಗಿನ ಮೂಳೆ ನೋವಿನಿಂದ ಒಬ್ಬರು ಹೊರಡಲೇ ಇಲ್ಲ. ಇಬ್ಬರು ಸಮುದ್ರದಲ್ಲಿಯೇ ಉಳಿದರು, ಒಬ್ಬರಿಗೆ ಸೈಕಲ್ಲಿನ ಗಡುವು ತಪ್ಪಿತು. ಎಂಟು ಜನ ಮುಗಿಸಿದರು. ಎಂಟು ಪದಕಗಳ ಫೋಟೊ ನೋಡಿ ಊರಿನವರೆಲ್ಲ ಮೆಚ್ಚಿದರು. ನನಗೆ ಮಾತ್ರ ಆ ಫೋಟೊದಲ್ಲಿ ಇಲ್ಲದ ನಾಲ್ವರೇ ಕಾಣುತ್ತಿದ್ದರು.

ಸಮುದ್ರದಲ್ಲಿ ಉಳಿದ ಇಬ್ಬರಲ್ಲಿ ಒಬ್ಬರು ಪ್ರೌಢಶಾಲೆಯ ಶಿಕ್ಷಕಿ. ದಡ ಇನ್ನು ಮುನ್ನೂರು ಮೀಟರು ಇದೆ ಎನ್ನುವಾಗ ಅವರ ಸಮಯ ಮುಗಿದಿತ್ತು. ನಾನು ಗುರಿಯನ್ನು ಓದಿ ನಿಲ್ಲಿಸಿದ ಮೇಲೆ ಅವರು ತುಂಬ ಮೆಲ್ಲಗೆ ಮಾತಾಡಿದರು: “ಸರ್, ಆ ಹನ್ನೆರಡರಲ್ಲಿ ನಾನೂ ಒಬ್ಬಳು ಅಂತ ನಂಗೆ ಎಷ್ಟು ಖುಷಿಯಾಗಿತ್ತು ಅಂದರೆ, ಹೇಳೋಕೆ ಆಗಲ್ಲ. ಆದರೆ ನಂಗೆ ವಾರಕ್ಕೆ ಎಷ್ಟು ದಿನ ನೀರು ಸಿಗುತ್ತೆ ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.”

ಹೀಗೆಂದು ಚೀಲದಿಂದ ಇನ್ನೂರು ಪುಟದ ಗೆರೆ ನೋಟ್‌ಬುಕ್ಕೊಂದನ್ನು ತೆಗೆದು ನನ್ನ ಕೈಗಿತ್ತರು. ಓಟಕ್ಕೆ ನೀಲಿ, ಸೈಕಲ್ಲಿಗೆ ಕಪ್ಪು, ಈಜಿಗೆ ಕೆಂಪು ಶಾಯಿಯಲ್ಲಿ, ಉತ್ತರ ಪತ್ರಿಕೆ ತಿದ್ದುವವರ ಅಚ್ಚುಕಟ್ಟಿನಿಂದ, ಜನವರಿಯಿಂದ ಅಕ್ಟೋಬರಿನವರೆಗೆ ಒಂದು ದಿನವೂ ಬಿಡದೆ ಬರೆದಿದ್ದರು. ಎಣಿಸಿದೆವು. ಓಟ 121, ಸೈಕಲ್ 88, ಈಜು 31. ಏಪ್ರಿಲ್ ಮತ್ತು ಮೇ ತಿಂಗಳ ಪುಟಗಳಲ್ಲಿ ಕೆಂಪು ಶಾಯಿಯ ಒಂದು ಗೆರೆಯೂ ಇರಲಿಲ್ಲ. ಆ ಎರಡು ತಿಂಗಳು ಈಜುಕೊಳಗಳಲ್ಲಿ ಮಕ್ಕಳ ಬೇಸಿಗೆ ಶಿಬಿರ. ಅವರು ಹೋಗುವ ಮಹಿಳೆಯರ ಬ್ಯಾಚನ್ನು ಆಗ ನಿಲ್ಲಿಸಿದ್ದರು. ಗಂಡಸರಾದ ನಮಗೆ ಬೆಳಗಿನ ಐದೂವರೆಗೆ ಹೇಗೋ ಒಂದು ಸಾಲು ಸಿಗುತ್ತಿತ್ತು. ಆದ್ದರಿಂದ ಈ ಸಂಗತಿ ನಮ್ಮ ಯಾರ ಗಮನಕ್ಕೂ ಬಂದಿರಲಿಲ್ಲ.

ಲೆಕ್ಕ ಹಾಕಿ ನೋಡಿದರೆ ಅವರ ಸೋಲು ಸಮುದ್ರದಲ್ಲಿ ಆದದ್ದಲ್ಲ ಎಂಬುದು ಸ್ಪಷ್ಟವಾಗುತ್ತದೆ. 70 ನಿಮಿಷದಲ್ಲಿ 1.9 ಕಿ.ಮೀ. ಎಂದರೆ ಪ್ರತಿ 100 ಮೀಟರಿಗೆ 3 ನಿಮಿಷ 41 ಸೆಕೆಂಡು. ಕೊಳದಲ್ಲಿ ಅವರು 3 ನಿಮಿಷ 30 ಸೆಕೆಂಡಿಗೆ ಈಜುತ್ತಿದ್ದರು. ಕಾಗದದ ಮೇಲೆ ಮೂರೂವರೆ ನಿಮಿಷ ಉಳಿತಾಯ. ಆದರೆ 25 ಮೀಟರಿನ ಕೊಳದಲ್ಲಿ ಆ ದೂರಕ್ಕೆ 76 ಸಲ ಉದ್ದಕ್ಕೆ ಈಜಬೇಕು, ಅಷ್ಟರಲ್ಲಿ 75 ಸಲ ಗೋಡೆಯನ್ನು ಒದ್ದು ಮುಂದಕ್ಕೆ ಜಾರುವ ಅನುಕೂಲವಿರುತ್ತದೆ. ಸಮುದ್ರದಲ್ಲಿ ಒದೆಯಲು ಗೋಡೆಯಿಲ್ಲ, ತಳದಲ್ಲಿ ದಾರಿ ತೋರಿಸುವ ಕಪ್ಪು ಗೆರೆಯೂ ಇಲ್ಲ. ಅಲೆಯ ಮೇಲಿಂದ ಆಗಾಗ ತಲೆಯೆತ್ತಿ ತೇಲುಗುರುತನ್ನು ನೋಡಿಕೊಳ್ಳದಿದ್ದರೆ ದಾರಿ ವಕ್ರವಾಗಿ ದೂರ ತಾನಾಗಿಯೇ ಹೆಚ್ಚುತ್ತದೆ. ಈ ಅಭ್ಯಾಸವನ್ನು ಅವರಿಗೆ ಒಮ್ಮೆಯೂ ಮಾಡಿಸದೆ ಅವರ ಹೆಸರನ್ನು ನನ್ನ ಹನ್ನೆರಡರ ಲೆಕ್ಕಕ್ಕೆ ಸೇರಿಸಿಕೊಂಡಿದ್ದೆ. ಅದನ್ನು ಅಂದು ಎಲ್ಲರ ಮುಂದೆ ಹೇಳಿ ಅವರ ಕ್ಷಮೆ ಕೇಳಿದೆ.

ಆಮೇಲೆ ಸಭೆಯ ದಿಕ್ಕೇ ಬದಲಾಯಿತು. ಮನೆಯವರು ಆಗಷ್ಟೇ ತಂದಿದ್ದ 2025ರ ಗೋಡೆ ಕ್ಯಾಲೆಂಡರನ್ನು ಬಿಚ್ಚಿ ಹನ್ನೆರಡೂ ಹಾಳೆಗಳನ್ನು ತಾರಸಿಯ ನೆಲದ ಮೇಲೆ ಸಾಲಾಗಿ ಹರಡಿ, ಗಾಳಿಗೆ ಹಾರದಂತೆ ನಮ್ಮ ನೀರಿನ ಬಾಟಲಿಗಳನ್ನು ಇಟ್ಟೆವು. ಗುರಿಯನ್ನು ಬರೆಯುವ ಮೊದಲು ಅಡ್ಡಿಗಳನ್ನು ಬರೆಯೋಣ ಎಂದು ಸೂಚಿಸಿದವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳೆಯರು. ಮಾರ್ಚ್ ಕೊನೆಯ ಹದಿನೈದು ದಿನ ತಮಗೆ ಮನೆ ಸೇರುವುದೇ ರಾತ್ರಿ ಹತ್ತಕ್ಕೆ ಎಂದು ಮೊದಲ ಗುರುತನ್ನೂ ಅವರೇ ಹಾಕಿದರು. ಶಿಕ್ಷಕರಿಗೆ ಅದೇ ಹೊತ್ತಿಗೆ ಪರೀಕ್ಷೆ. ಏಪ್ರಿಲ್, ಮೇ ಕೊಳಗಳಲ್ಲಿ ಶಿಬಿರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಸಮುದ್ರಕ್ಕೆ ಇಳಿಯುವಂತಿಲ್ಲ, ಮಳೆ ಬಿದ್ದ ದಿನ ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಸೈಕಲ್ ಇಳಿಸುವುದು ಸುರಕ್ಷಿತವಲ್ಲ. ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2ರವರೆಗೆ ದಸರಾ. ಮೈಸೂರಿನ ಮನೆಗಳಲ್ಲಿ ಆ ದಿನಗಳಲ್ಲಿ ಬೊಂಬೆ ಕೂರಿಸುವುದು, ನೆಂಟರು, ರಸ್ತೆ ತುಂಬ ಜನ. ಬೆಂಗಳೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಸೈಕಲ್ಲಿಗೆ ಅವಕಾಶವಿಲ್ಲದಿರುವುದರಿಂದ ದೂರದ ಸವಾರಿಗೆ ನಂಜನಗೂಡು, ಎಚ್.ಡಿ. ಕೋಟೆ ಕಡೆಯ ದಾರಿಗಳೇ ಗತಿ.

ಸ್ಪರ್ಧೆಯಿದ್ದದ್ದು ನವೆಂಬರ್ 9ಕ್ಕೆ. ಅಲ್ಲಿಂದ ಹಿಂದಕ್ಕೆ ಇಪ್ಪತ್ತು ವಾರ ಎಣಿಸಿದರೆ ಜೂನ್ 23 ಬರುತ್ತದೆ. ನಾಲ್ಕು ನಾಲ್ಕು ವಾರಗಳ ಐದು ಭಾಗ ಮಾಡಿಕೊಂಡು, ಪ್ರತಿ ಭಾಗದಲ್ಲಿ ಮೂರು ವಾರ ಶ್ರಮವನ್ನು ಏರಿಸಿ ನಾಲ್ಕನೆಯ ವಾರ ಇಳಿಸುವುದು ನಮ್ಮ ಹಳೆಯ ಪದ್ಧತಿ. ಅದನ್ನು ಉಳಿಸಿಕೊಂಡೆವು. ಹೊಸದಾಗಿ ಮಾಡಿದ್ದು ಜನವರಿ 6ರಿಂದ ಮಾರ್ಚ್ 30ರವರೆಗಿನ ಹನ್ನೆರಡು ವಾರಗಳನ್ನು ಬಹುಪಾಲು ನೀರಿಗೇ ಮೀಸಲಿಟ್ಟದ್ದು: ಶಿಬಿರಗಳು ಶುರುವಾಗುವ ಮೊದಲು ಪ್ರತಿಯೊಬ್ಬರೂ ವಾರಕ್ಕೆ ಮೂರರಂತೆ 36 ಸಲ ಈಜಬೇಕು, ಕೆಲಸದ ಒತ್ತಡ ಇರುವವರು ಮಾರ್ಚಿನ ಪಾಲನ್ನು ಫೆಬ್ರವರಿಯಲ್ಲೇ ಮುಗಿಸಿಕೊಳ್ಳಬಹುದು. ಮುಂಗಾರಿಗೆ ಮೊದಲು ಎರಡು ಸಲ, ಮಳೆಗಾಲ ಕಳೆದ ಮೇಲೆ ಒಂದು ಸಲ ಮಲ್ಪೆಗೆ ಹೋಗಿ, ಜೀವರಕ್ಷಕರ ಎದುರಿನಲ್ಲಿ ಸಮುದ್ರದಲ್ಲಿ ದಿಕ್ಕು ನೋಡಿ ಈಜುವುದನ್ನು ಕಲಿಯಬೇಕು. ಏಪ್ರಿಲ್, ಮೇ ತಿಂಗಳಲ್ಲೂ ಮಹಿಳೆಯರಿಗೆ ಬೆಳಗ್ಗೆ ಒಂದು ಗಂಟೆ ಬಿಟ್ಟುಕೊಡುವಂತೆ ಈಜುಕೊಳದವರಿಗೆ ಪತ್ರ ಬರೆದು, ಒಪ್ಪಿಗೆ ಸಿಗುವವರೆಗೆ ಬೆನ್ನು ಬೀಳುವ ಜವಾಬ್ದಾರಿಯನ್ನು ನಾನು ವಹಿಸಿಕೊಂಡೆ.

ಎಲ್ಲರೂ ತಲೆದೂಗಲಿಲ್ಲ. ಐದು ಗಂಟೆಯೊಳಗೆ ಮುಗಿಸಿ ವಿಶ್ವ ಚಾಂಪಿಯನ್‌ಷಿಪ್ಪಿಗೆ ಅರ್ಹತೆ ಪಡೆಯುವ ಆಸೆಯಿರುವ ತರುಣನೊಬ್ಬ ನಮ್ಮಲ್ಲಿದ್ದಾನೆ. “ಅಣ್ಣ, ಹನ್ನೆರಡು ಅನ್ನೋ ಸಂಖ್ಯೆ ಇದ್ದಿದ್ದಕ್ಕೇ ಅಲ್ವಾ ಇಷ್ಟು ಜನ ಬೆಳಗ್ಗೆ ನಾಲ್ಕೂವರೆಗೆ ಎದ್ದು ಬಂದಿದ್ದು? ಅದನ್ನ ತೆಗೆದುಬಿಟ್ಟರೆ ಇದು ವಾಕಿಂಗ್ ಗುಂಪಾಗುತ್ತೆ” ಎಂದ. ಅವನ ಮಾತಿನಲ್ಲಿ ಹುರುಳಿದೆ. ಕ್ಲಬ್ಬಿಗೆ ಆಸೆ ಬೇಕು, ಅವನಂಥವರ ವೇಗದ ಹಂಬಲಕ್ಕೂ ಜಾಗ ಬೇಕು. ಅವನ ಐದು ಗಂಟೆಯ ಗುರಿಯನ್ನು ನವೆಂಬರ್ ಹಾಳೆಯಲ್ಲಿ ಅವನ ಕೈಯಿಂದಲೇ ಬರೆಸಿದೆವು. ಆದರೆ ಎಷ್ಟು ಜನ ಮುಗಿಸಬೇಕೆಂಬ ಸಂಖ್ಯೆಯನ್ನು ಕ್ಲಬ್ಬಿನ ಗುರಿಯಾಗಿ ಮತ್ತೆ ಬರೆಯಲು ನಾನು ಒಪ್ಪಲಿಲ್ಲ. ಯಾರು ಗೋವಾಕ್ಕೆ ಹೆಸರು ಕೊಡಬೇಕು, ಯಾರು ಈ ವರ್ಷ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟದ ಸ್ಪ್ರಿಂಟ್ ಸ್ಪರ್ಧೆಯಲ್ಲಿ ಮೊದಲು ಅನುಭವ ಪಡೆಯಬೇಕು ಎಂಬುದನ್ನು ಆ 36 ಈಜುಗಳ ನಂತರ, ಒಬ್ಬೊಬ್ಬರ ಜೊತೆ ಕೂತು ನಿರ್ಧರಿಸುವುದೆಂದಾಯಿತು.

ಹನ್ನೊಂದು ಗಂಟೆಯ ಹೊತ್ತಿಗೆ ಮನೆಯ ಹಿರಿಯರಾದ ಅಮ್ಮ ಮೆಟ್ಟಿಲು ಹತ್ತಿ ಬಂದು, “ಕ್ಯಾಲೆಂಡರ್ ಜೋಡಿಸಿ ಕೊಡ್ರಪ್ಪಾ, ಜನವರಿ ಹತ್ತಕ್ಕೆ ವೈಕುಂಠ ಏಕಾದಶಿ ಇದೆ, ಬರೆದಿಟ್ಟುಕೋಬೇಕು” ಎಂದರು. ಗುರುತುಗಳನ್ನೆಲ್ಲ ಬೇರೆ ಹಾಳೆಗೆ ಇಳಿಸಿಕೊಳ್ಳತೊಡಗಿದೆವು. ಶಿಕ್ಷಕಿ ಜನವರಿ ಹಾಳೆಯಲ್ಲಿ ಸೋಮವಾರ, ಬುಧವಾರ, ಶುಕ್ರವಾರಗಳಿಗೆ ಆಗಲೇ ಕೆಂಪು ಸುತ್ತು ಹಾಕಿ ಮುಗಿಸಿದ್ದರು. ಅಮ್ಮನ ಮಾತು ಕೇಳಿ ಒಂದು ಕ್ಷಣ ಯೋಚಿಸಿ, 10ರ ಸುತ್ತನ್ನು ಹೊಡೆದು ಹಾಕಿ, ಪಕ್ಕದ 11ಕ್ಕೆ, ಶನಿವಾರಕ್ಕೆ, ಹೊಸ ಸುತ್ತು ಹಾಕಿದರು.