ಶತ್ರುವಿನ ಮನೆಯ ಅಳು

ಎಂಎ ಓದೋವಾಗ ಗ್ರೀಕ್ ನಾಟಕ ಅಂದ್ರೆ ಪರೀಕ್ಷೆಗೆ ಒಂದೆರಡು ಪ್ರಶ್ನೆ, ಅಷ್ಟೇ. ಈಗ ಎರಡು ತಿಂಗಳಿಂದ ದಾವಣಗೆರೆ ಮನೇಲಿ ರಾತ್ರಿ ಊಟ ಆದ್ಮೇಲೆ ಕೂತು ಆ ನಾಟಕಕಾರರನ್ನ ಮೊದಲಿಂದ ಓದ್ತಾ ಇದೀನಿ, ಈಸ್ಕಿಲಸ್, ಆಮೇಲೆ ಸೋಫೋಕ್ಲಿಸ್, ಆಮೇಲೆ ಯೂರಿಪಿಡಿಸ್ ಅಂತ.

ಆದ್ರೆ ಈಸ್ಕಿಲಸ್‌ನ 'ಪರ್ಷಿಯನ್ನರು' ದಾಟೋಕೇ ಆಗ್ತಿಲ್ಲ. ಕ್ರಿ.ಪೂ. 472ರ ನಾಟಕ. ಅದಕ್ಕೆ ಎಂಟೇ ವರ್ಷ ಮುಂಚೆ ಪರ್ಷಿಯಾ ಸೈನ್ಯ ಅಥೆನ್ಸ್‌ಗೆ ಬೆಂಕಿ ಇಟ್ಟಿತ್ತು, ಆಮೇಲೆ ಸಲಾಮಿಸ್ ನೌಕಾಯುದ್ಧದಲ್ಲಿ ಸೋತಿತ್ತು, ಈಸ್ಕಿಲಸ್ ಸ್ವತಃ ಮ್ಯಾರಥಾನ್ ಯುದ್ಧದಲ್ಲಿ ಅವರ ವಿರುದ್ಧ ಹೋರಾಡಿದ್ದೋನು, ಇಷ್ಟಾದ್ರೂ ಅವನು ಕಥೆ ಇಡೋದು ಸೋತವರ ಊರಲ್ಲಿ, ಮಗನ ದಾರಿ ಕಾಯೋ ರಾಣಿ, ಸತ್ತವರ ಹೆಸರು ಒಂದೊಂದಾಗಿ ಹೇಳೋ ದೂತ, ಕೊನೇಲಿ ಹರಿದ ಬಟ್ಟೇಲಿ ಬರೋ ದೊರೆ. ಗೆದ್ದ ಊರಿನ ಜನ ಕೂತು ಶತ್ರುವಿನ ಮನೆಯ ಅಳು ಕೇಳಿದಾರೆ! ಎಂಥಾ ಧೈರ್ಯ ಬೇಕು ಬರೆಯೋಕೆ.

ನಮ್ಮ ಬಿಎಂಶ್ರೀ ಇದನ್ನ 'ಪಾರಸಿಕರು' ಅಂತ ಕನ್ನಡಕ್ಕೆ ತಂದ್ರು, ಸೋಫೋಕ್ಲಿಸ್‌ನ 'ಅಯಾಸ್' ನಾಟಕದಿಂದ 'ಅಶ್ವತ್ಥಾಮನ್' ಬರೆದ್ರು.

ಕೋರಸ್, ಅಂದ್ರೆ ಈ ನಾಟಕಗಳಲ್ಲಿ ಒಟ್ಟಿಗೆ ಹಾಡೋ ಗುಂಪು, ಅನ್ನೋದು ಪುಸ್ತಕದಲ್ಲಿ ನಂಗೆ ಯಾವತ್ತೂ ಸರಿಯಾಗಿ ಅರ್ಥ ಆಗಿರಲಿಲ್ಲ. ಸಾಣೇಹಳ್ಳಿ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕೂತು ನಾಟಕ ನೋಡಿದಾಗ ಹೊಳೀತು, ತೆರೆದ ಆಕಾಶದ ಕೆಳಗೆ ಹತ್ತಾರು ಜನ ಒಟ್ಟಿಗೆ ಹಾಡಿದ್ರೆ ಅದು ಎದೇಗೇ ಬರುತ್ತೆ. ಬಯಲಾಟದ ಹಿಮ್ಮೇಳ ಕೇಳಿದೋರಿಗೆ ಇದು ಬೇಗ ಗೊತ್ತಾಗುತ್ತೆ ಅನ್ಸುತ್ತೆ.

ಇವತ್ತು ರಾತ್ರಿ ಆ ದೂತನ ಮಾತನ್ನ ಅಮ್ಮಂಗೆ ಜೋರಾಗಿ ಓದಿ ಹೇಳ್ಬೇಕು.