ಸರಾಸರಿ ಆದಾಯದ ಹಿಂದೆ ಅಡಗುವ ತಿಂಗಳುಗಳು

ಮನೆಗಳ ಆದಾಯ-ಖರ್ಚಿನ ಸಮೀಕ್ಷೆ ನಡೆಸುವುದು ನನ್ನ ಕೆಲಸ. ಜೊತೆಗೆ ಹೊಸದಾಗಿ ಸೇರಿದವರಿಗೆ ತರಬೇತಿಯನ್ನೂ ಕೊಡುತ್ತೇನೆ. ಅವರಿಗೆ ಮೊದಲ ದಿನವೇ ಒಂದು ಮಾತು ಹೇಳುತ್ತೇನೆ: ‘ತಿಂಗಳಿಗೆ ಎಷ್ಟು ದುಡಿಯುತ್ತೀರಿ’ ಎಂದು ಕೇಳಿ ಮುಂದಿನ ಪ್ರಶ್ನೆಗೆ ಹೋಗಬೇಡಿ. ಯಾವ ತಿಂಗಳು ಎಷ್ಟು ಬಂತು, ಯಾವ ತಿಂಗಳು ಏನೂ ಬರಲಿಲ್ಲ, ಆಗ ಮನೆ ಹೇಗೆ ನಡೆಯಿತು ಅಂತ ಕೇಳಿ.

ವಿಶ್ವಬ್ಯಾಂಕ್ 2025ರ ಜೂನ್‌ನಲ್ಲಿ ಕಡುಬಡತನದ ರೇಖೆಯನ್ನು ತಲಾ ದಿನಕ್ಕೆ 2.15 ಡಾಲರ್‌ನಿಂದ 3 ಡಾಲರ್‌ಗೆ ಏರಿಸಿತು. ದೇಶ ದೇಶಗಳನ್ನು ಹೋಲಿಸಿ ನೋಡಲು ಇಂಥದ್ದೊಂದು ರೇಖೆ ಬೇಕೇ ಬೇಕು. ಆದರೆ ಬಡವರ ಕೈಗೆ ದುಡ್ಡು ದಿನಕ್ಕಿಷ್ಟು ಅಂತ ಅಳೆದು ಬರುವುದಿಲ್ಲ. ಒಂದು ವಾರ ಪೂರ್ತಿ ಕೂಲಿ ಸಿಕ್ಕರೆ ಮುಂದಿನ ಎರಡು ವಾರ ಸೊನ್ನೆ.

ವರ್ಷದ ಆದಾಯ ಒಂದೇ ಆಗಿರುವ ಎರಡು ಮನೆಗಳನ್ನು ನೋಡಿ. ಒಂದಕ್ಕೆ ತಿಂಗಳ ಸಂಬಳ, ಇನ್ನೊಂದಕ್ಕೆ ಸುಗ್ಗಿಯ ಕೂಲಿ. ನಮ್ಮ ಕೋಷ್ಟಕದಲ್ಲಿ ಇಬ್ಬರದ್ದೂ ಒಂದೇ ಸಾಲು. ಎರಡನೆಯ ಮನೆ ಮಾತ್ರ ಕೆಲಸವಿಲ್ಲದ ತಿಂಗಳಲ್ಲಿ ಸಾಮಾನನ್ನು ಚೂರುಚೂರಾಗಿ ಕೊಂಡು ಹೆಚ್ಚು ಬೆಲೆ ತೆರುತ್ತದೆ, ಕೈಸಾಲಕ್ಕೆ ಹೆಚ್ಚು ಬಡ್ಡಿ ಕಟ್ಟುತ್ತದೆ. ಆ ಹೊತ್ತಿಗೇ ದುಡಿಯುವವರು ಹಾಸಿಗೆ ಹಿಡಿದರೆ ಎರಡು ಪೆಟ್ಟು ಒಟ್ಟಿಗೆ ಬೀಳುತ್ತವೆ: ಕೂಲಿ ನಿಲ್ಲುತ್ತದೆ, ಔಷಧಿಯ ಖರ್ಚು ಶುರುವಾಗುತ್ತದೆ. ಕೊನೆಗೆ ದುಡಿಮೆಗೆ ಆಧಾರವಾಗಿದ್ದ ಎತ್ತೋ ಯಂತ್ರವೋ ಮಾರಾಟವಾಗುತ್ತದೆ. ಬರಗಾಲದಲ್ಲಂತೂ ಇದು ಇನ್ನೂ ಕ್ರೂರ. ಎಲ್ಲರೂ ಒಟ್ಟಿಗೆ ದನ ಮಾರಲು ಹೊರಡುವುದರಿಂದ ಬೆಲೆ ಕುಸಿಯುತ್ತದೆ; ಮಳೆ ಬಂದು ಎಲ್ಲರೂ ಕೊಳ್ಳಲು ಹೊರಟಾಗ ಅದೇ ದನದ ಬೆಲೆ ಏರಿರುತ್ತದೆ. ಕಷ್ಟ ಎರಡು ತಿಂಗಳದ್ದು, ನಷ್ಟ ವರ್ಷಗಳದ್ದು.

‘ಬಡವರಿಗೆ ಹಣ ನಿಭಾಯಿಸಲು ಬರುವುದಿಲ್ಲ’ ಎಂಬ ಮಾತು ಸಭೆಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು, ಯಾವ ಕಂತು ಯಾವ ವಾರ ಎಂಬುದನ್ನೆಲ್ಲ ಪುಸ್ತಕವಿಲ್ಲದೆ ಬಾಯಲ್ಲೇ ಹೇಳುವವರನ್ನು ನಾನು ಮನೆ ಮನೆಯಲ್ಲೂ ಕಂಡಿದ್ದೇನೆ. ಆ ಲೆಕ್ಕ ತಲೆಯನ್ನು ಹಿಂಡುತ್ತದೆ ಎಂಬುದೂ ನಿಜ. ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದೇ ರೈತರು ಕಟಾವಿನ ಮೊದಲು, ಕೈ ಬರಿದಾಗಿದ್ದಾಗ, ಯೋಚನಾಶಕ್ತಿಯ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಕಟಾವಾಗಿ ಹಣ ಬಂದ ಮೇಲೆ ಚೇತರಿಸಿಕೊಂಡರು. ಮನುಷ್ಯರು ಬದಲಾಗಿರಲಿಲ್ಲ, ತಿಂಗಳು ಬದಲಾಗಿತ್ತು.

ಪರಿಹಾರದ ಯೋಜನೆ ಮಾಡುವವರೂ ಈ ಏರಿಳಿತವನ್ನು ನೋಡಲೇಬೇಕು. ಆರು ದೇಶಗಳಲ್ಲಿ ಕಿರುಸಾಲದ ಪರಿಣಾಮ ಅಳೆದ ಅಧ್ಯಯನಗಳು 2015ರಲ್ಲಿ ಬಂದವು. ಒಂದಿಷ್ಟು ಅನುಕೂಲವಾಯಿತು, ಬದುಕೇ ಬದಲಾಗಲಿಲ್ಲ ಎಂಬುದು ಅವುಗಳ ಒಟ್ಟು ಸಾರ. ಅದೇ ವರ್ಷ ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರು ದೇಶಗಳ ಇನ್ನೊಂದು ಅಧ್ಯಯನ ಹೊರಬಂತು. ಅಲ್ಲಿ ಕಡುಬಡ ಮನೆಗಳಿಗೆ ಸಾಲದ ಬದಲು ಜಾನುವಾರಿನಂಥ ಆಸ್ತಿ, ತರಬೇತಿ, ಮನೆಗೇ ಬಂದು ಕೊಡುವ ಸಲಹೆ, ಜೊತೆಗೆ ಕೆಲವು ತಿಂಗಳ ಊಟದ ಖರ್ಚು ಕೊಟ್ಟಿದ್ದರು. ಹೊಂಡುರಾಸ್‌ನಲ್ಲಿ ಹಾಕಿದ ಹಣಕ್ಕೆ ತಕ್ಕ ಫಲ ಸಿಗಲಿಲ್ಲ. ಆದರೆ ಆರೂ ದೇಶಗಳನ್ನು ಒಟ್ಟಾಗಿ ನೋಡಿದರೆ, ಯೋಜನೆ ಮುಗಿದು ಒಂದು ವರ್ಷವಾದ ಮೇಲೂ ಈ ಮನೆಗಳ ಸ್ಥಿತಿ ಯೋಜನೆ ಸಿಗದ ಅಂಥದ್ದೇ ಮನೆಗಳಿಗಿಂತ ಉತ್ತಮವಾಗಿತ್ತು. ಆ ಊಟದ ಖರ್ಚನ್ನು ದಾನ ಎಂದು ಮೂಗು ಮುರಿಯುವವರಿದ್ದಾರೆ. ನನ್ನ ಕಣ್ಣಿಗೆ ಅದು ಹಸಿವಿನ ತಿಂಗಳಲ್ಲಿ ಆ ಜಾನುವಾರು ಸಂತೆಗೆ ಹೋಗದಂತೆ ತಡೆಯುವ ಬೇಲಿ.

ಹನ್ನೆರಡು ತಿಂಗಳ ಲೆಕ್ಕ ಕೇಳುತ್ತಾ ಕೂತರೆ ಸಂದರ್ಶನ ಉದ್ದವಾಗುತ್ತದೆ ಎಂಬ ದೂರು ನಮ್ಮ ತಂಡದಲ್ಲೂ ಇದೆ, ಅದು ನ್ಯಾಯವಾದ ದೂರು. ಸಮಯ ಉಳಿಸಲೇಬೇಕಾದರೆ ಮನೆಯಲ್ಲಿರುವ ವಸ್ತುಗಳ ಉದ್ದದ ಪಟ್ಟಿಯನ್ನು ಮೊಟಕುಗೊಳಿಸಿ. ಆ ಜಾಗದಲ್ಲಿ ಕಳೆದ ವರ್ಷ ಏನು ಮಾರಿದಿರಿ, ಯಾವ ತಿಂಗಳು, ಯಾಕೆ ಅಂತ ಕೇಳಿ.