ಕಲಾವಿದರು ಕಾಡಿಗೆ ಹೋದರೆ ಕಾಡಿಗೇನು ಲಾಭ?

ಪರಿಸರ ಕಲೆ, ಅಂದರೆ ಕಾಡು, ನೆಲ, ನೀರಿನ ನಡುವೆ, ಅವುಗಳನ್ನೇ ಹಿಡಿದು ಮಾಡುವ ಕಲೆ, ಅದರ ಬಗ್ಗೆ ಎಲ್ಲೇ ಮಾತಾಡಲಿ, ಕೊನೆಗೆ ಈ ಪ್ರಶ್ನೆ ಬಂದೇ ಬರುತ್ತದೆ. "ಕಲಾವಿದರನ್ನು ಕಾಡಿಗೆ ಕರೆದು, ಊಟ ವಸತಿ ಕೊಟ್ಟು, ವಾರಗಟ್ಟಲೆ ಇಟ್ಟುಕೊಳ್ಳುತ್ತಾರಲ್ಲ, ರೆಸಿಡೆನ್ಸಿ ಅಂತ. ಅದರಿಂದ ಕಾಡಿಗೇನು ಬಂತು? ಆ ದುಡ್ಡಲ್ಲಿ ನಾಲ್ಕು ಗಿಡ ನೆಡಬಹುದಿತ್ತು, ಅಲ್ವಾ?"

ಕೇಳುವವರಲ್ಲಿ ಕುಹಕ ಇರುವುದಿಲ್ಲ. ಹಾಗಾಗಿ ನಾನೂ ನೇರವಾಗಿಯೇ ಹೇಳುತ್ತೇನೆ: ಬಹಳಷ್ಟು ಸಲ ಕಾಡಿಗೆ ಏನೂ ಸಿಗುವುದಿಲ್ಲ. ಕೆಲವು ಸಲ ನಷ್ಟವೇ. ಹೊಳೆಯ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಫೋಟೊ ತೆಗೆಯುವವರನ್ನು ನೋಡಿದ್ದೀರಲ್ಲ? ಆ ಕಲ್ಲುಗಳ ಅಡಿಯಲ್ಲಿ ಹುಳುಗಳು ಬದುಕುತ್ತವೆ, ಕೆಲವು ಮೀನು ಮೊಟ್ಟೆ ಇಡುತ್ತವೆ. ಅದನ್ನು ಪರಿಸರ ಕಲೆ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಗಿಡ ನೆಡುವ ಮಾತಿಗೆ ಬಂದರೆ, ಅದನ್ನೂ ಕಲಾವಿದರು ಮಾಡಿದ್ದಾರೆ. ಜೋಸೆಫ್ ಬಾಯ್ಸ್ 1982ರಲ್ಲಿ ಜರ್ಮನಿಯ ಕಾಸೆಲ್ ನಗರದಲ್ಲಿ 7,000 ಮರ ನೆಡುವ ಕೆಲಸ ಶುರು ಮಾಡಿದರು. ಪ್ರತಿ ಮರದ ಪಕ್ಕ ಒಂದು ಕಪ್ಪು ಕಲ್ಲು. 1986ರಲ್ಲಿ ಅವರು ತೀರಿಕೊಂಡರು, ಮರುವರ್ಷ ಕೊನೆಯ ಗಿಡ ನೆಟ್ಟದ್ದು ಅವರ ಮಗ. ನೆಲಕ್ಕೆ ಇನ್ನೂ ನೇರವಾಗಿ ಕೈ ಹಾಕಿದವರು ಮೆಲ್ ಚಿನ್. ಅಮೆರಿಕದ ಸೇಂಟ್ ಪಾಲ್ ನಗರದ ಹಳೆಯ ಕಸದ ಮೈದಾನದಲ್ಲಿ, ವಿಜ್ಞಾನಿ ರೂಫಸ್ ಚೇನಿ ಜೊತೆ ಸೇರಿ, 1991ರಲ್ಲಿ ಮಣ್ಣಿನ ವಿಷಲೋಹ ಹೀರುವ ಗಿಡಗಳನ್ನು ಬೆಳೆಸಿದರು. ಒಂದು ಜಾತಿಯ ಗಿಡ ಕ್ಯಾಡ್ಮಿಯಂ ಹೀರಿಕೊಂಡಿದ್ದೂ ಪರೀಕ್ಷೆಯಲ್ಲಿ ಕಂಡಿತು.

ಆದರೆ ಇಂಥವು ಅಪರೂಪ. ಕಾಡಿಗೆ ಹೋಗುವ ಹೆಚ್ಚಿನವರು ಗಿಡ ನೆಡುವುದೂ ಇಲ್ಲ, ಮಣ್ಣು ತೊಳೆಯುವುದೂ ಇಲ್ಲ. ಕೂತು ನೋಡುತ್ತಾರೆ, ಬರೆಯುತ್ತಾರೆ, ಸದ್ದು ಕೇಳಿಸಿಕೊಳ್ಳುತ್ತಾರೆ. ಅವರ ಪರವಾಗಿ ಏನು ಹೇಳಬಹುದು?

ಅಮೆರಿಕದ ಒರೆಗಾನ್ ರಾಜ್ಯದ ಬೆಟ್ಟಗಳಲ್ಲಿ ಎಚ್. ಜೆ. ಆಂಡ್ರೂಸ್ ಪ್ರಾಯೋಗಿಕ ಅರಣ್ಯ ಅಂತ ಇದೆ. ಸುಮಾರು 16,000 ಎಕರೆ. 500 ವರ್ಷ ವಯಸ್ಸಿನ ಡಗ್ಲಸ್ ಫರ್ ಮರಗಳಿರುವ ಕಾಡು. 1948ರಿಂದ ವಿಜ್ಞಾನಿಗಳು ಅಲ್ಲಿ ಕೆಲಸ ಮಾಡುತ್ತಿದ್ದಾರೆ. 1985ರಲ್ಲಿ ಮಾರ್ಕ್ ಹಾರ್ಮನ್ ಎಂಬುವವರು 500ಕ್ಕೂ ಹೆಚ್ಚು ದಿಮ್ಮಿಗಳನ್ನು ಆ ಕಾಡಿನ ನೆಲದಲ್ಲಿ ಹಾಕಿಸಿದರು. ಯಾಕೆ? ಅವು ಹೇಗೆ ಕೊಳೆಯುತ್ತವೆ ಅಂತ ನೋಡಲು. ಪ್ರಯೋಗದ ಅವಧಿ 200 ವರ್ಷ! ಶುರು ಮಾಡಿದವರ ಮೊಮ್ಮಕ್ಕಳಿಗೂ ಪೂರ್ತಿ ಫಲಿತಾಂಶ ಸಿಗುವುದಿಲ್ಲ.

2003ರಲ್ಲಿ ಅದೇ ಕಾಡು ಬರಹಗಾರರನ್ನು ಕರೆಯತೊಡಗಿತು. ಆಮೇಲೆ ಕಲಾವಿದರೂ ಸೇರಿಕೊಂಡರು. ಈ ಲೆಕ್ಕವೂ 200 ವರ್ಷದ್ದೇ, 2203ರ ತನಕ. ಬಂದವರಿಗೆ ಒಂದು ಕೋರಿಕೆ ಇರುತ್ತದೆ. ಗೊತ್ತುಮಾಡಿದ ಕೆಲವು ಜಾಗಗಳಿಗೆ ಹೋಗಿ ಕೂರಬೇಕು, ದಿಮ್ಮಿ ಕೊಳೆಯುವ ಜಾಗವೂ ಅದರಲ್ಲಿ ಒಂದು. ಕಂಡದ್ದನ್ನು ದಾಖಲಿಸಬೇಕು. ಒಬ್ಬೊಬ್ಬರು ಇರುವುದು ಸ್ವಲ್ಪ ದಿನವೇ. ಆದರೆ ಜಾಗ ಬದಲಾಗುವುದಿಲ್ಲ, ಒಬ್ಬರು ಬರೆದದ್ದಕ್ಕೆ ಮುಂದಿನವರದು ಸೇರುತ್ತಾ ಹೋಗುತ್ತದೆ.

2023ರ ಆಗಸ್ಟ್‌ನಲ್ಲಿ ಸಿಡಿಲು ಬಡಿದು ಹತ್ತಿದ ಬೆಂಕಿ ಆ ಕಾಡಿನ ಬಹುಪಾಲಿಗೆ ಹಬ್ಬಿತು. ಈಗ ಅಲ್ಲಿಗೆ ಹೋಗುವವರು ಸುಟ್ಟ ಮರಗಳ ನಡುವೆ ಕೂರಬೇಕು. ಆದರೆ ಬೆಂಕಿಗೆ ಮುಂಚಿನ 20 ವರ್ಷ ಅಲ್ಲಿ ಕೂತಿದ್ದವರ ಬರಹ ಅವರ ಕೈಯಲ್ಲಿದೆ. ಎಷ್ಟು ಮಳೆ ಬಿತ್ತು, ಹೊಳೆ ಎಷ್ಟು ತಣ್ಣಗಿತ್ತು ಎಂಬುದು ವಿಜ್ಞಾನಿಗಳ ದಾಖಲೆಯಲ್ಲಿದೆ. ಆ ನೆರಳಲ್ಲಿ ಕೂತರೆ ಹೇಗನ್ನಿಸುತ್ತಿತ್ತು ಎಂಬುದು ಇವರ ಬಳಿ ಮಾತ್ರ ಇದೆ. ಕಾಡಿಗೆ ಇದು ಬೇಕಿಲ್ಲ, ನಿಜ. ಆ ಕಾಡನ್ನು ಮುಂದೇನು ಮಾಡಬೇಕೆಂದು ತೀರ್ಮಾನಿಸುವವರು ಮನುಷ್ಯರಲ್ಲವೇ, ಅವರಿಗೆ ಬೇಕು.

ಅದಕ್ಕೇ ರೆಸಿಡೆನ್ಸಿ ಅಂದಾಗ ನಾನು ಮೊದಲು ಕೇಳುವುದು: ಇವರು ಹೋದ ಮೇಲೆ ಅದೇ ಜಾಗಕ್ಕೆ ಇನ್ನೊಬ್ಬರು ಬರುತ್ತಾರಾ? ಹಿಂದಿನವರು ಬಿಟ್ಟು ಹೋದದ್ದನ್ನು ಓದುತ್ತಾರಾ? ಎರಡಕ್ಕೂ ಇಲ್ಲ ಅಂದರೆ ಅದು ಸುಮ್ನೆ ಒಂದು ಪ್ರವಾಸ. ಚಂದದ ಪ್ರವಾಸ ಅನ್ನಿ ಬೇಕಾದರೆ.

ಇದರ ಬಾಲದಲ್ಲೇ ಇನ್ನೊಂದು ಪ್ರಶ್ನೆ ಬರುತ್ತದೆ, "ಮಾಡಿದ್ದು ಉಳಿಯೋದೇ ಇಲ್ವಲ್ಲ?" ಅಂತ. ಇಂಗ್ಲೆಂಡಿನ ಗ್ರೈಜ್‌ಡೇಲ್ ಕಾಡಿಗೆ 1977ರಿಂದ ಶಿಲ್ಪಿಗಳನ್ನು ಕರೆಯುತ್ತಿದ್ದಾರೆ. ಡೇವಿಡ್ ನ್ಯಾಶ್, ಆಂಡಿ ಗೋಲ್ಡ್ಸ್‌ವರ್ದಿ ಅಲ್ಲೇ ಸಿಕ್ಕ ಮರ, ಕಲ್ಲುಗಳಲ್ಲಿ ಕೆಲಸ ಮಾಡಿದರು. ಮರದ ಶಿಲ್ಪಗಳು ಎಷ್ಟೋ ಕೊಳೆತು ಮಣ್ಣಾದವು. ನಾಗಮಂಡಲದ ಬಣ್ಣದ ಪುಡಿಯ ಚಿತ್ರವನ್ನು ಪೂಜೆ ಮುಗಿದೊಡನೆ ಅಳಿಸುವುದನ್ನು ಕಂಡ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲೂ ಇಂಥದ್ದು ಆಗಬೇಕು ಅಂತ ನನಗೆ ಆಸೆ. ಆಗುಂಬೆಯಲ್ಲಿ ಉರಗತಜ್ಞ ರೊಮ್ಯುಲಸ್ ವಿಟೇಕರ್ 2005ರಲ್ಲಿ ಕಟ್ಟಿದ ಮಳೆಕಾಡು ಸಂಶೋಧನಾ ಕೇಂದ್ರ ಇದೆ, ಕಾಳಿಂಗದ ಅಧ್ಯಯನಕ್ಕೆ ಹೆಸರಾದದ್ದು. ಅಂಥ ಕಡೆ ಒಂದೇ ಒಂದು ಜಾಗ ಗೊತ್ತುಮಾಡಿ, ವರ್ಷಕ್ಕೊಬ್ಬರನ್ನು ಅಲ್ಲೇ ಕೂರಿಸಬೇಕು. ಅದೂ ಜುಲೈ ತಿಂಗಳಲ್ಲಿ, ಇಂಬಳ ಕಚ್ಚಿಸಿಕೊಂಡು. ಡಿಸೆಂಬರಿನಲ್ಲಿ ಬಂದು ಸೂರ್ಯಾಸ್ತ ಬರೆಯುವವರು ಈಗಾಗಲೇ ಬೇಕಾದಷ್ಟು ಇದ್ದಾರೆ.